ಮೂರು ಸುತ್ತಿನ ಹಳೇ ಪೇಟೆ

ಗೈಡು: ನನ್ನ ನಾಲಿಗೆ ಮುಂದೆ ವೈನ್ ಯಾವ ಲೆಕ್ಕ ಕಣೇ! ಬರೀ ನೀರು ಕುಡಿದೋರನ್ನೂ ತೂರಾಡಿಸೋ ನಾಲಿಗೆ ಇದು. ಮೊನ್ನೆ ಗಡಿಯಾರದ ಗೋಪುರದ ಕತೆ ಹೇಳ್ತಿದ್ದಾಗ ಗೋಪುರಾನೇ ಒಂಚೂರು ಈ ಕಡೆ ಬಾಗಿ ಕೇಳಿಸ್ಕೊಳ್ತು, ಗೊತ್ತಾ?

ಹೆಂಡತಿ: ಅದು ಬಾಗಿ ನೂರು ವರ್ಷ ಆಯ್ತು ರೀ. ಬಹುಶಃ ಹಿಂದಿನ ಗೈಡಿನ ಕಾಟ ತಡೀಲಾರದೆ. ಮಾತು ತಿರುಗಿಸಬೇಡಿ. ಬೀಗಿತ್ತಿಯವರನ್ನ ಇವತ್ತು ಕರ್ಕೊಂಡು ಹೋಗಬೇಡಿ.

ಗೈಡು: ನಾನೆಲ್ಲಿ ಕರೆದೆ? ಆಕೆಯೇ ಬರ್ತೀನಿ ಅಂತ ಕೂತಿದಾರೆ. 'ಹುಡುಗಿ ಅಪ್ಪ ಏನು ಕೆಲಸ ಮಾಡ್ತಾರೆ ಅಂತ ಕಣ್ಣಾರೆ ನೋಡಿ ಆಮೇಲೆ ಹೂಂ ಅಂತೀನಿ' ಅಂದ್ರು.

ಹೆಂಡತಿ: ಅದೇ ನನಗೆ ಭಯ. ಆಕೆ ವೈನ್ ಮುಟ್ಟಲ್ಲ. ವೈನ್ ಮುಟ್ಟದವರ ಕಣ್ಣಿಗೆ ನಮ್ಮ ಹಳೇ ಪೇಟೆ ಎಷ್ಟು ದೊಡ್ಡದಾಗಿ ಕಾಣುತ್ತೆ ಗೊತ್ತಾ? ಎಷ್ಟಿದೆಯೋ ಅಷ್ಟೇ!

ಅಡುಗೆಮನೆಯ ಮೇಜಿನ ಮೇಲೆ ಗ್ಲಾಸುಗಳನ್ನು ಒರೆಸಿ, ಸೀಸೆಗಳ ನಡುವೆ ಹಳೆಯ ಪೇಪರ್ ತುರುಕಿ ಬುಟ್ಟಿಗಿಳಿಸುತ್ತಿದ್ದ ಹೆಂಡತಿಯ ಈ ಮಾತಿನಲ್ಲಿ ಸತ್ಯವಿತ್ತು. ಗೈಡಿಗೆ ಸಿಟ್ಟು ಬಂದದ್ದು ಅದಕ್ಕೇ.

ಹಳೇ ಪೇಟೆ ಎಂದರೆ ಒಂದು ಗೋಪುರ, ಒಂದು ಬಾವಿ, ಒಂದು ಬೀದಿ. ಆ ತುದಿಯಲ್ಲಿ ಯಾರಾದರೂ ಸೀನಿದರೆ ಈ ತುದಿಯವರು ಕರವಸ್ತ್ರ ಹುಡುಕುತ್ತಿದ್ದರು. ಆದರೆ ಟಿಕೆಟ್ಟಿನ ಮೇಲೆ 'ಐತಿಹಾಸಿಕ ಹಳೇ ಪೇಟೆಯಲ್ಲಿ ವೈನ್ ಸಹಿತ ಸಂಜೆ ನಡಿಗೆ, ಎರಡು ಗಂಟೆ' ಎಂದು ಅಚ್ಚಾಗಿತ್ತು. ಅಚ್ಚಾದದ್ದನ್ನು ಕುಗ್ಗಿಸುವ ಹಾಗಿಲ್ಲ. ಆದ್ದರಿಂದ ಗೈಡು ಪೇಟೆಯನ್ನೇ ಹಿಗ್ಗಿಸಿದ್ದ. ಮೊದಲ ಸುತ್ತು ಎಡದಿಂದ. ಒಂದು ಗ್ಲಾಸ್. ಎರಡನೆಯ ಸುತ್ತು ಅದೇ ಬೀದಿಯಲ್ಲಿ ಬಲದಿಂದ. ಇನ್ನೊಂದು ಗ್ಲಾಸ್. ಮೂರನೆಯ ಸುತ್ತಿನ ಹೊತ್ತಿಗೆ ಕತ್ತಲು ಕವಿಯುತ್ತಿತ್ತು, ಜನರಿಗೆ ಎಡ ಬಲ ಎರಡೂ ಮರೆತಿರುತ್ತಿದ್ದವು. 'ಅಬ್ಬಾ, ಏನು ದೊಡ್ಡ ಪೇಟೆ ಸಾರ್! ಕಾಲು ಬಿದ್ದುಹೋಯ್ತು' ಎಂದು ಕೈ ಕುಲುಕಿ ಹೋಗುತ್ತಿದ್ದರು. ಬಿದ್ದುಹೋಗಿರುತ್ತಿದ್ದದ್ದು ಬರೀ ಕಾಲಲ್ಲ.

ಹೆಂಡತಿ: ಇವತ್ತೊಂದು ದಿನ ಒಂದೇ ಸುತ್ತು ಹಾಕಿ, ನಿಜ ಹೇಳಿ ಮುಗಿಸಿ.

ಗೈಡು: ನಿಜ ಹೇಳಿದ್ರೆ ಆ ಗೋಪುರದ ಮೆಟ್ಟಿಲು ಇಳಿಯೋದರೊಳಗೆ ಮುಗಿದುಹೋಗುತ್ತೆ! ಟಿಕೆಟ್ ತಗೊಂಡೋರಿಗೆ ಏನು ಹೇಳ್ಲಿ? ಉಳಿದ ಹೊತ್ತು ನನ್ನ ಮುಖ ನೋಡಿ ಅನ್ನಲಾ?

ಹೆಂಡತಿ: ಆ ಶಿಕ್ಷೆ ನನಗೊಬ್ಬಳಿಗೇ ಸಾಕು.

ಗೋಪುರದ ಕೆಳಗೆ ಜನ ಸೇರಿದ್ದರು. ಅವರ ಮುಂದೆ ದೊಡ್ಡ ಹುಲ್ಲಿನ ಟೋಪಿಯ ಒಬ್ಬ ಮಹಾಶಯ ನಿಂತಿದ್ದ. ಚರಿತ್ರೆ ಅಂದರೆ ಪ್ರಾಣ ಎಂದು ಎಲ್ಲರಿಗೂ ಹೇಳಿಯಾಗಿತ್ತು, ಕಣ್ಣು ಮಾತ್ರ ಬುಟ್ಟಿಯ ಮೇಲಿತ್ತು. ಪಕ್ಕದಲ್ಲಿ ಬೀಗಿತ್ತಿ. ಆಕೆಯ ಕೈಯಲ್ಲಿ ಮನೆಯಿಂದ ತಂದ ನೀರಿನ ಬಾಟಲಿ. ಆಕೆಯ ಮಗ ಮತ್ತು ಗೈಡಿನ ಮಗಳು ತಮ್ಮೊಳಗೇ ಎಲ್ಲ ತೀರ್ಮಾನಿಸಿಕೊಂಡಿದ್ದರು. ಬಾಕಿ ಉಳಿದದ್ದು ಈಕೆಯ ಒಂದು ಹೂಂ.

ಹೆಂಡತಿ: ಅಕ್ಕಾ, ಒಂದೇ ಗುಟುಕು ನೋಡಿ. ಔಷಧಿ ಅಂದ್ಕೊಳ್ಳಿ.

ಬೀಗಿತ್ತಿ: ಬೇಡಮ್ಮ, ನನಗೆ ನೀರೇ ಸಾಕು. ಕುಡಿದ್ರೆ ನೋಡಿದ್ದು ನೆನಪಿರಲ್ಲ.

ಹೆಂಡತಿ ಗಂಡನ ಮುಖ ನೋಡಿದಳು. ಗಂಡ ಗೋಪುರದ ಮುಖ ನೋಡಿದ.

ಮೊದಲ ಸುತ್ತು ಸುಸೂತ್ರವಾಗಿ ಸಾಗಿತು. ಬೀದಿಯ ನಡುವಿನ ಕಮಾನಿನ ನೀಲಿ ಬಾಗಿಲ ಮುಂದೆ ಗೈಡು ಗಂಟಲು ಸರಿಮಾಡಿಕೊಂಡ.

ಗೈಡು: ನೋಡಿ ಸ್ವಾಮಿ, ಇದು ಮಹಾ ಸೇನಾಪತಿಯ ಮನೆ. ಆತನ ಮೀಸೆ ಎಷ್ಟು ಉದ್ದ ಅಂದ್ರೆ, ಆತ ಊಟಕ್ಕೆ ಕೂತ ಮೇಲೂ ಮೀಸೆಯ ತುದಿ ಇನ್ನೂ ಬಾಗಿಲು ದಾಟ್ತಾ ಇರ್ತಿತ್ತು. ಅದನ್ನ ಒಳಗೆ ತರೋಕೇ ಇಬ್ಬರು ಆಳುಗಳಿದ್ರು.

ಟೋಪಿ: ಆಹಾ! ಅದಕ್ಕೇ ಇಷ್ಟು ಅಗಲ ಬಾಗಿಲು!

ಬೀಗಿತ್ತಿ: ಆ ಹಗ್ಗದ ಮೇಲೆ ಒಂದೇ ಒಂದು ಹಸಿರು ಕಾಲುಚೀಲ ಒಣಗ್ತಿದೆಯಲ್ಲ, ಅದೂ ಸೇನಾಪತೀದೇನಾ?

ಗೈಡು ಬಾಗಿಲ ಪಕ್ಕದ ಹಗ್ಗದ ಕಡೆ ನೋಡಿದ. ಇಷ್ಟು ವರ್ಷದಲ್ಲಿ ಯಾರೂ ಆ ಹಗ್ಗವನ್ನು ನೋಡಿರಲಿಲ್ಲ, ಅವನೂ ನೋಡಿರಲಿಲ್ಲ. ನೀರು ಕುಡಿದ ಕಣ್ಣು ಇಷ್ಟು ಚುರುಕಾಗಿರುತ್ತದೆಂದು ಅವನಿಗೆ ಅಂದೇ ಗೊತ್ತಾದದ್ದು. ಆ ಕಣ್ಣನ್ನು ಹಗ್ಗದಿಂದ ಕೀಳಲು ತಾಯಂದಿರ ಮೇಲೆ ಪ್ರಯೋಗಿಸುವ ಹಳೆಯ ಅಸ್ತ್ರ ತೆಗೆದ.

ಗೈಡು: ಅದಿರಲಿ ಬೀಗಿತ್ತಿಯವರೇ, ನಮ್ಮ ಹುಡುಗ ಹೇಗಿದಾನೆ? ಕೆಲಸ ಎಲ್ಲ?

ಬೀಗಿತ್ತಿ: ಅವನಿಗೇನು! ಸೋಫಾ ಅಂಗಡೀಲಿ ಲೆಕ್ಕ ನೋಡ್ಕೊಳ್ತಾನೆ. ಒಳ್ಳೇ ಹೆಸರು ತಗೊಂಡಿದಾನೆ.

ಗೈಡು: ಸಂತೋಷ, ಸಂತೋಷ. ಬನ್ನಿ, ಮುಂದಿನ ಬೀದಿಗೆ ಹೋಗೋಣ.

ಮುಂದಿನ ಬೀದಿ ಎಂಬುದು ಬಾವಿಯ ಹತ್ತಿರ ಗಿರ್ರನೆ ತಿರುಗಿದರೆ ಸಿಗುತ್ತಿತ್ತು. ಗೈಡು ಜನರನ್ನು ಬಾವಿಯ ಸುತ್ತ ಒಮ್ಮೆ ಸುತ್ತಿಸಿ, ಹೆಂಡತಿಯಿಂದ ಗ್ಲಾಸ್ ತುಂಬಿಸಿ, ಬಂದ ದಾರಿಯಲ್ಲೇ ಹೊರಡಿಸಿದ. ನೀಲಿ ಬಾಗಿಲು ಈಗ ಬಲಗಡೆ ಬಂತು.

ಗೈಡು: ಇದು ಗಾಯಕಿಯರ ಬೀದಿ! ಈ ಮನೆಯ ಗಾಯಕಿ ತಾರಕ ಸ್ವರ ಎತ್ತಿದ್ರೆ ಎದುರು ಮನೆಗಳ ದೀಪ ಎಲ್ಲ ಫಕ್ಕನೆ ಆರಿಹೋಗ್ತಿತ್ತು. ಆಕೆ ಹಾಡೋ ದಿನ ಜನ ಹಗಲಲ್ಲೇ ಅಡುಗೆ ಮುಗಿಸಿಕೊಳ್ತಿದ್ರು.

ಟೋಪಿ: ಇದು ಬಾಗಿಲು ಅಂದ್ರೆ! ಆ ಸೇನಾಪತಿ ಬಾಗಿಲಿಗೆ ಕಳೇನೇ ಇರಲಿಲ್ಲ ಬಿಡಿ. ಬಣ್ಣಾನೂ ಮಾಸಿತ್ತು.

ಬೀಗಿತ್ತಿ: ಬೀಗರೇ, ಇಲ್ಲೂ ಹಸಿರು ಕಾಲುಚೀಲ!

ಗೈಡು: ಎಲ್ಲಿ?

ಬೀಗಿತ್ತಿ: ನಿಮ್ಮ ಕಿವಿ ಪಕ್ಕ ನೇತಾಡ್ತಿದೆ. ಇನ್ನೊಂಚೂರು ಗಾಳಿ ಬೀಸಿದ್ರೆ ಬಾಯಿಗೇ ಬರುತ್ತೆ. ಅಲ್ಲೂ ಒಂದೇ, ಇಲ್ಲೂ ಒಂದೇ.

ಗೈಡು: ಹಾಂ! ಅದೊಂದು ದೊಡ್ಡ ಕತೆ. ಆ ಬೀದೀಲಿ ಅಣ್ಣ, ಈ ಬೀದೀಲಿ ತಮ್ಮ. ಆಸ್ತಿ ಪಾಲಾದಾಗ ಒಂದು ಜೊತೆ ಕಾಲುಚೀಲಕ್ಕೂ ಜಗಳ ಆಯ್ತು. ಅಣ್ಣನಿಗೆ ಎಡಗಾಲಿಂದು, ತಮ್ಮನಿಗೆ ಬಲಗಾಲಿಂದು. ಒಗೆದಾಗಲೆಲ್ಲ ಇಬ್ಬರೂ ಪಂತಕ್ಕೆ ಒಂದೇ ಹೊತ್ತಿಗೆ ಒಣಗಿಸ್ತಾರೆ.

ಟೋಪಿ: ಅಯ್ಯೋ ಪಾಪ! ಆಸ್ತಿ ಅನ್ನೋದು ಕಾಲನ್ನೂ ಬಿಡಲಿಲ್ಲವಲ್ಲ!

ಟೋಪಿಯ ಕಣ್ಣಲ್ಲಿ ನೀರೇ ಬಂತು. ಆ ನೀರಿನಲ್ಲೂ ಅರ್ಧ ವೈನ್ ಇದ್ದಿರಬೇಕು. ಬೀಗಿತ್ತಿಯ ಕಣ್ಣು ಮಾತ್ರ ಒಣಗಿಯೇ ಇತ್ತು; ಕಾಲುಚೀಲದ ಹಿಮ್ಮಡಿಯಲ್ಲಿದ್ದ ತೂತನ್ನು ನೋಡುತ್ತಿತ್ತು.

ಬೀಗಿತ್ತಿ: ತೂತೂ ಪಾಲಾಗಿದೆಯಾ? ಅದೇ ಜಾಗದಲ್ಲಿ ಅಲ್ಲೂ ಇತ್ತು.

ಗೈಡು: ಹುಡುಗನ ವಿಷಯ ಹೇಳ್ತಿದ್ರಿ. ಲೆಕ್ಕ ನೋಡೋದು ಸುಲಭವೇ? ಎಷ್ಟು ಜವಾಬ್ದಾರಿ!

ಬೀಗಿತ್ತಿ: ಜವಾಬ್ದಾರಿ ಅಂತ ಕೇಳ್ತೀರಾ! ಅಂಗಡಿ ಪೂರ್ತಿ ಅವನದೇ ಉಸ್ತುವಾರಿ. ಮ್ಯಾನೇಜರ್ ಅಂತಾನೇ ಅನ್ನಿ. ಅವನು ಕೆಮ್ಮಿದ್ರೆ ಸಾಕು, ಬಡಗಿಗಳು ಉಳಿ ಕೆಳಗಿಡ್ತಾರೆ.

ಗೈಡು: ಭಲೇ! ಬನ್ನಿ, ಬನ್ನಿ.

ಗುಂಪು ಮುಂದೆ ಹೋಯಿತು. ಹೆಂಡತಿ ಮಾತ್ರ ಹಿಂದೆ ಉಳಿದು, ಸ್ವಲ್ಪ ಹೊತ್ತಿನ ಮೇಲೆ ಏದುಸಿರು ಬಿಡುತ್ತ ಬಂದು ಸೇರಿಕೊಂಡಳು.

ಗೈಡು: (ಮೆಲ್ಲಗೆ) ಎಲ್ಲಿ ಹೋಗಿದ್ದೆ?

ಹೆಂಡತಿ: (ಇನ್ನೂ ಮೆಲ್ಲಗೆ) ಮಗಳ ಮದುವೆ ಮಾಡಿಸೋಕೆ. ಸುಮ್ಮನೆ ನಡೀರಿ.

ಗೋಪುರ ಬಂತು. ಟೋಪಿ ಅದಕ್ಕೆ ನಮಸ್ಕಾರ ಮಾಡಿ, 'ಈ ಊರಲ್ಲಿ ಗೋಪುರಗಳಿಗೆ ಬರವಿಲ್ಲ' ಎಂದು ಮೆಚ್ಚಿದ. ಗೈಡು ಮೂರನೆಯ ಸುತ್ತು ಬೇಡವೆನ್ನೋಣವೆಂದರೆ ಗುಂಪಿನವರೆಲ್ಲ ಖಾಲಿ ಗ್ಲಾಸ್ ಹಿಡಿದು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದರು. ಮತ್ತೆ ಎಡದಿಂದ ಹೊರಟ. ನೀಲಿ ಬಾಗಿಲು ಹತ್ತಿರವಾದಂತೆ ಅವನ ಕಾಲುಗಳು ಹಿಂದಕ್ಕೇ ನಡೆಯುತ್ತಿದ್ದವು. ಹೆದರುತ್ತಲೇ ಹಗ್ಗದ ಕಡೆ ಕಣ್ಣು ಹಾಯಿಸಿದ.

ಹಗ್ಗ ಖಾಲಿ!

ಗೈಡಿನ ಎದೆ ಎರಡಂಗುಲ ಅಗಲವಾಯಿತು. ದನಿ ಗೋಪುರದವರೆಗೆ ಮುಟ್ಟಿತು.

ಗೈಡು: ಇದೋ, ಜಿಪುಣ ವ್ಯಾಪಾರಿಯ ಮನೆ! ಮಹಾ ಜಿಪುಣ ಸ್ವಾಮಿ ಆತ. ಬಿಸಿಲಲ್ಲಿ ಹೊರಟರೆ ತನ್ನ ನೆರಳನ್ನ ಬಾಡಿಗೆಗೆ ಕೊಡ್ತಿದ್ದ. ಮೋಡ ಕವಿದ ದಿನ ನಷ್ಟ ಆಯ್ತು ಅಂತ ಊಟ ಬಿಡ್ತಿದ್ದ.

ಬೀಗಿತ್ತಿ: (ಹಗ್ಗವನ್ನು ಚೆನ್ನಾಗಿ ನೋಡಿ) ಸದ್ಯ, ಇಲ್ಲಿ ಕಾಲುಚೀಲ ಇಲ್ಲ. ಇದು ಬೇರೆ ಬೀದೀನೇ. ನಾನು ಸುಮ್ಮನೆ ಅನುಮಾನ ಪಟ್ಟೆ ಬೀಗರೇ, ತಪ್ಪು ತಿಳೀಬೇಡಿ.

ಗೈಡು: ಛೇ ಛೇ, ಅನುಮಾನ ಪಡೋರೇ ಅಲ್ಲವೇ ಒಳ್ಳೇ ಬೀಗರು! ಹುಡುಗನಿಗೆ ಅಂಗಡೀಲಿ ಮುಂದೆ ಇನ್ನೂ ಮೇಲೇರೋ ಅವಕಾಶ ಇದೆಯಾ?

ಬೀಗಿತ್ತಿ: ಇನ್ನೆಲ್ಲಿಗೆ ಏರೋದು! ಮಾಲೀಕರು ಹೆಸರಿಗೆ ಅಷ್ಟೇ. ಇವನನ್ನ ಕೇಳದೆ ಒಂದು ಮೊಳೆ ಹೊಡೆಯಲ್ಲ. ಅಂಗಡಿ ಅವನದೇ ಅಂತ ಇಟ್ಕೊಳ್ಳಿ.

ಗೈಡು: ಹಾಗಾದ್ರೆ ಆ ಮಾತು...

ಬೀಗಿತ್ತಿ: ಆಗಲಿ ಬಿಡಿ. ನಾನು ಒಪ್ಪಿ...

ಈ ಶುಭ ಘಳಿಗೆಗೇ ಕಾದಿದ್ದವಳಂತೆ ಹೆಂಡತಿ ಹಿಗ್ಗಿನಿಂದ ಬುಟ್ಟಿಗೆ ಕೈ ಹಾಕಿ ಹೊಸ ಸೀಸೆ ಎತ್ತಿದಳು. ಸೀಸೆಯ ಕತ್ತಿಗೆ, ಹಬ್ಬಕ್ಕೆ ಹೊರಟ ಮಗುವಿನ ಕುಲಾವಿಯ ಹಾಗೆ, ಹಸಿರು ಕಾಲುಚೀಲ ಸಿಕ್ಕಿಕೊಂಡಿತ್ತು. ತೂತಿನಿಂದ ಬಿರಡೆ ಇಣುಕುತ್ತಿತ್ತು.

ಟೋಪಿ ಹತ್ತಿರ ಬಂದು ಬಗ್ಗಿ ನೋಡಿದ.

ಟೋಪಿ: ಇದು ಇಲ್ಲಿನ ಹಳೇ ಪದ್ಧತಿಯೇ ಸಾರ್?

ಗೈಡು: (ಹಣೆಯ ಬೆವರು ಒರೆಸಿಕೊಂಡು) ಹೌದು ಸ್ವಾಮಿ. ಹಳೇ ವೈನ್ ನೋಡಿ. ವಯಸ್ಸಾಗಿದೆ. ಸಂಜೆ ಹೊತ್ತು ಶೀತ ಆಗಬಾರದು ಅಂತ.

ಅಷ್ಟರಲ್ಲಿ ನೀಲಿ ಬಾಗಿಲ ಮೇಲಿನ ಕಿಟಕಿ ತೆರೆದು ಒಬ್ಬ ಮುದುಕಿ ತಲೆ ಹೊರಹಾಕಿದಳು.

ಕಿಟಕಿಯ ಅಜ್ಜಿ: ಬಂದ್ಯೇನಪ್ಪಾ ಮೂರನೇ ಸುತ್ತಿಗೆ? ನೀನು ಎರಡು ಸಲ ಹೋಗಿ ಬರೋದರೊಳಗೆ ನಮ್ಮೆಜಮಾನರ ಕಾಲುಚೀಲ ಮಾಯ ಆಗಿದೆ. ಕಂಡ್ಯಾ? ಅಯ್ಯೋ, ಸೀಸೆಗೆ ಯಾಕಮ್ಮ ತೊಡಿಸಿದೀಯ ಅದನ್ನ!

ಬೀಗಿತ್ತಿ: ಅಜ್ಜಿ, ನಿಮ್ಮೆಜಮಾನರು ಸೇನಾಪತಿಯೋ, ಜಿಪುಣ ವ್ಯಾಪಾರಿಯೋ?

ಕಿಟಕಿಯ ಅಜ್ಜಿ: ಅಂಚೆ ಕಚೇರೀಲಿ ಮುದ್ರೆ ಹೊಡೀತಿದ್ರು ಕಣಮ್ಮ. ಜಿಪುಣ ಅನ್ನೋದು ಮಾತ್ರ ನಿಜ. ಎರಡೂ ಒಗೆದ್ರೆ ಸವೆಯುತ್ತೆ ಅಂತ ವಾರಕ್ಕೊಂದೇ ಒಗೆಸ್ತಾರೆ.

ಕಾಲುಚೀಲ ಕಿಟಕಿಗೆ ಹಾರಿತು, ಕಿಟಕಿ ಮುಚ್ಚಿತು. ಬೀಗಿತ್ತಿ ನೀರಿನ ಬಾಟಲಿಯನ್ನು ಗದೆಯ ಹಾಗೆ ಹೆಗಲಿಗೇರಿಸಿ ತಿರುಗಿದಳು.

ಬೀಗಿತ್ತಿ: ಒಂದು ಬಾಗಿಲನ್ನ ಮೂರು ಬಾಗಿಲು ಅಂತ ತೋರಿಸಿದೋರು, ಒಬ್ಬಳು ಮಗಳನ್ನ ಏನೇನು ಅಂತ ತೋರಿಸಿದೀರೋ! ನಮ್ಮದು ನೇರ ಮಾತಿನ ಮನೆತನ. ಈ ಸಂಬಂಧ ಇಲ್ಲಿಗೆ ಬಿಟ್ಟುಬಿಡಿ.

ಹೆಂಡತಿ: ಅಕ್ಕಾ, ಅಕ್ಕಾ! ಮಗಳು ಇವರ ಹಾಗಲ್ಲ. ಅವಳು ನನ್ನ ಹಾಗೆ.

ಬೀಗಿತ್ತಿ: ಕಾಲುಚೀಲ ಕದ್ದೋರು ನೀವು!

ಗೈಡು ಬೀದಿ ನೋಡಿದ, ಬಾಗಿಲು ನೋಡಿದ. ಮೂರು ಸುತ್ತಿನಲ್ಲಿ ತಾನು ಹೇಳಿದ್ದೆಲ್ಲ ಮಣ್ಣುಪಾಲಾಗಿತ್ತು. ಆಗ ಅವನಿಗೆ ತಾನು ಕೇಳಿಸಿಕೊಂಡದ್ದು ನೆನಪಾಯಿತು.

ಗೈಡು: ಬಿಡೋಣ. ಬಿಡೋ ಮೊದಲು ಒಂದು ಮಾತು. ಮೊದಲನೇ ಸುತ್ತಲ್ಲಿ ಹುಡುಗ ಸೋಫಾ ಅಂಗಡೀಲಿ ಲೆಕ್ಕ ನೋಡ್ಕೊಳ್ತಿದ್ದ.

ಬೀಗಿತ್ತಿ: ಹೂಂ, ಅದಕ್ಕೆ?

ಗೈಡು: ಎರಡನೇ ಸುತ್ತಿಗೆ ಬರೋದರೊಳಗೆ ಮ್ಯಾನೇಜರ್ ಆದ.

ಬೀಗಿತ್ತಿ: ಅದು... ಹಾಗೆ ಅನ್ನಿ ಅಂದೆ ಅಷ್ಟೇ.

ಗೈಡು: ಮೂರನೇ ಸುತ್ತಲ್ಲಿ ಅಂಗಡೀನೇ ಅವನದಾಯ್ತು. ನಾಲ್ಕನೇ ಸುತ್ತು ಹಾಕಿದ್ರೆ ಈ ಬೀದೀನೂ ಬರೆಸಿಕೊಳ್ತಿದ್ದ ಅಂತ ಕಾಣುತ್ತೆ. ನನ್ನದು ಒಂದೇ ಬಾಗಿಲು, ಮೂರು ಕತೆ. ನಿಮ್ಮದು ಒಬ್ಬನೇ ಹುಡುಗ, ಮೂರು ಕೆಲಸ.

ಟೋಪಿ: ಅಂದ್ರೆ ಮೂವರು ಗಂಡು ಮಕ್ಕಳಲ್ಲವೇ? ನಾನು ಮೂರನೆಯವನಿಗೇ ಕೊಡಿ ಅನ್ನೋಣ ಅಂತಿದ್ದೆ.

ಬೀಗಿತ್ತಿ ಬಾಟಲಿ ಹೆಗಲಿಂದ ಇಳಿಸಿದಳು. ಮುಚ್ಚಳ ತೆರೆದು ನಿಧಾನವಾಗಿ ನೀರು ಕುಡಿದಳು. ಕುಡಿದು ಮುಗಿಸಲು ಮನಸ್ಸಿಲ್ಲದವಳ ಹಾಗೆ ಕುಡಿದಳು. ಆಮೇಲೆ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದಳು.

ಬೀಗಿತ್ತಿ: ಲೆಕ್ಕ ನೋಡೋದು ನಿಜ.

ಹೆಂಡತಿ: ಸಾಕಕ್ಕಾ, ನಮಗೆ ಅಷ್ಟೇ ಸಾಕು.

ಬೀಗಿತ್ತಿ: ಮಾಲೀಕರು ಊಟಕ್ಕೆ ಹೋದಾಗ.

ಹೆಂಡತಿ: ...ಅದೂ ಸಾಕು.

ಬೀಗಿತ್ತಿ: ಆಗಲಿ. ಎರಡೂ ಮನೆಗೆ ಸರಿಹೊಂದೋ ಹಾಗಿದೆ, ಮಕ್ಕಳು ಚೆನ್ನಾಗಿರಲಿ. ಆದ್ರೆ ಬೀಗರೇ, ಒಂದು ಷರತ್ತು. ಇವತ್ತಿನಿಂದ ನೀವು ಈ ಸುಳ್ಳಿನ ಸುತ್ತು ನಿಲ್ಲಿಸಬೇಕು.

ಗೈಡು: ಈಗಲೇ ನಿಲ್ಲಿಸಿದೆ ಬೀಗಿತ್ತಿಯವರೇ. ನಾಳೆ ಸಂಜೆಯಿಂದ ನೀವೇ ನಡೆಸಿ. ನನಗೆ ಬೀದಿ ಬೆಳೆಸೋಕೆ ಮೂರು ಗ್ಲಾಸ್ ವೈನ್ ಬೇಕು. ನೀವು ಮಗನನ್ನ ಬರೀ ನೀರಲ್ಲೇ ಬೆಳೆಸಿದೀರಿ!