ಮಸಿ ಹಿಡಿದ ಮೈಲೇಜು

"ಇನ್ನು ಮುಂದೆ ಬಂಕಿನವರಿಗೆ ನನ್ನ ಮುಖ ನೋಡಬೇಕು ಅನ್ನಿಸಿದರೆ ಫೋಟೋ ತರಿಸಿಕೊಳ್ಳಬೇಕು!"

ಊಟದ ಮೇಜಿಗೆ ಗುದ್ದಿ ಹೀಗೆ ಗರ್ಜಿಸಿದವರು ಲೆಕ್ಕದ ಮೇಷ್ಟ್ರು. ಪೆಟ್ರೋಲ್ ಕಾರು ಮಾರಿ, ಎಂಟು ವರ್ಷ ಹಳೆಯ ಪುಟ್ಟ ಡೀಸೆಲ್ ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದ ದಿನ ಅದು.

"ಯಾಕೆ, ಡೀಸೆಲ್ ನಲ್ಲೀಲಿ ಬರುತ್ತಾ?" ಎಂದಳು ಹೆಂಡತಿ, ತಟ್ಟೆ ಎತ್ತುತ್ತಾ.

"ಲೀಟರಿಗೆ ಇಪ್ಪತ್ನಾಲ್ಕು ಕಿಲೋಮೀಟರ್ ಕಣೇ! ಇಪ್ಪತ್ನಾಲ್ಕು!"

"ನಿಮ್ಮ ಶಾಲೆ ಇರೋದು ಒಂದೂವರೆ ಕಿಲೋಮೀಟರ್. ನಡೆದರೆ ಸೊನ್ನೆ ಲೀಟರ್."

ಇಂಥ ಮಾತನ್ನೆಲ್ಲ ಮೇಷ್ಟ್ರು ಕಿವಿಗೆ ಹಾಕಿಕೊಳ್ಳುವವರಲ್ಲ. ಆದರೆ ಅವಳ ಮುಂದಿನ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. "ಹಾಗಾದ್ರೆ ಈಗಲಾದ್ರೂ ನಮ್ಮಕ್ಕನ ಮನೆಗೆ ಕರ್ಕೊಂಡು ಹೋಗ್ತೀರಾ?"

ಅಕ್ಕನ ಊರಿಗೆ ನಲವತ್ತು ಕಿಲೋಮೀಟರು. ಮಂಡಿ ನೋವಿನ ಅಕ್ಕ ಇತ್ತ ಬರಲಾರಳು. ಎರಡು ಕಡೆ ಬಸ್ಸು ಬದಲಾಯಿಸಿ ಹೋಗಿಬರುವಷ್ಟರಲ್ಲಿ ಇಡೀ ದಿನವೇ ಮುಗಿದಿರುತ್ತಿತ್ತು. ಹನ್ನೆರಡು ವರ್ಷದಿಂದ ಅವಳು ಕೇಳುತ್ತಲೇ ಇದ್ದಳು. ಹನ್ನೆರಡು ವರ್ಷದಿಂದ ಮೇಷ್ಟ್ರು, "ಹೋಗ್ತಾ ನಲವತ್ತು, ಬರ್ತಾ ನಲವತ್ತು... ಫೋನಲ್ಲೇ ಮಾತಾಡು" ಎನ್ನುತ್ತಲೇ ಇದ್ದರು.

"ಇದು ಉಳಿಸೋಕೆ ತಂದ ಗಾಡಿ ಕಣೇ, ಓಡಿಸೋಕಲ್ಲ!" ಎಂದುಬಿಟ್ಟರು ಮಹಾನುಭಾವರು. ಅವಳು ತಟ್ಟೆಗಳನ್ನು ತೊಟ್ಟಿಗೆ ಹಾಕಿದ ಸದ್ದು ಪಕ್ಕದ ಮನೆಗೂ ಕೇಳಿಸಿತು.

ಮುಂದಿನ ಮೂರು ತಿಂಗಳು ಮೇಷ್ಟ್ರು ನಡೆಸಿದ್ದು ಕಾರನ್ನಲ್ಲ, ವ್ರತವನ್ನು! ವೇಗ ಮೂವತ್ತು ದಾಟಬಾರದು. ಇಳಿಜಾರು ಕಂಡರೆ ಎಂಜಿನ್ ಬಂದ್. ಮನೆಯಿಂದ ಶಾಲೆ, ಶಾಲೆಯಿಂದ ಮನೆ, ಮಧ್ಯೆ ತರಕಾರಿಗೂ ನಿಲ್ಲಿಸುವಂತಿಲ್ಲ. ಹಿಂದಿನ ಸೈಕಲ್ಲುಗಳು ಗಂಟೆ ಬಾರಿಸಿ ದಾರಿ ಕೇಳುತ್ತಿದ್ದವು. ಸ್ಟಾಫ್ ರೂಮಿನಲ್ಲಿ ಇವರು "ನನ್ನ ಗಾಡಿ..." ಎಂದು ಬಾಯಿ ತೆರೆದರೆ ಸಾಕು, ವಿಜ್ಞಾನದ ಮೇಡಂಗೆ ಎಲ್ಲಿಲ್ಲದ ಕೆಲಸ ನೆನಪಾಗುತ್ತಿತ್ತು. ಮಕ್ಕಳಂತೂ 'ಮೈಲೇಜ್ ಮೇಷ್ಟ್ರು' ಎಂದು ಹೆಸರಿಟ್ಟೇ ಬಿಟ್ಟರು. ಅದನ್ನೂ ಹೊಗಳಿಕೆ ಎಂದುಕೊಂಡ ಪುಣ್ಯಾತ್ಮ!

ಒಂದು ಬೆಳಿಗ್ಗೆ ಮೀಟರಿನ ಪಕ್ಕ ಎಚ್ಚರಿಕೆಯ ಹಳದಿ ದೀಪ ಹತ್ತಿತು. ಗಾಡಿ ಕೆಮ್ಮಿತು, ಗೊರಗೊರ ಎಂದಿತು, ಶಾಲೆಯ ಗೇಟಿನ ಎದುರಿಗೇ ನಿಂತಿತು. ಇಡೀ ಎಂಟನೇ ತರಗತಿ ಚಪ್ಪಾಳೆ ತಟ್ಟಿ ಗಾಡಿ ತಳ್ಳಿತು.

ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿದ. ಗಾಡಿಯ ಕೆಳಗೆ ನುಗ್ಗಿ ನೋಡಿದ. ಆಮೇಲೆ ಮೇಷ್ಟ್ರನ್ನು ನೋಡಿದ.

"ಎಷ್ಟು ಓಡಿಸ್ತೀರಾ ಸಾರ್?"

"ದಿನಕ್ಕೆ ಮೂರೇ ಕಿಲೋಮೀಟರ್! ಅದೂ ಮೂವತ್ತರ ಒಳಗೆ!" ಮೇಷ್ಟ್ರ ಎದೆ ಉಬ್ಬಿತು.

"ಅದಕ್ಕೇ ಹಾಳಾಗಿರೋದು. ಹೊಗೆ ಕೊಳವೇಲಿ ಜಾಲರಿ ಇರುತ್ತೆ ಸಾರ್, ಮಸಿ ಹಿಡಿಯೋದು. ಗಾಡಿ ದೂರ ಓಡಿ ಚೆನ್ನಾಗಿ ಕಾದ್ರೆ ಮಸಿ ತಾನೇ ಸುಟ್ಟುಹೋಗುತ್ತೆ. ನೀವು ಕಾಯೋಕೇ ಬಿಟ್ಟಿಲ್ವಲ್ಲ! ಮೂರು ಕಿಲೋಮೀಟರಿಗೆ ಡೀಸೆಲ್ ಗಾಡಿ ತಗೊಳ್ಳಿ ಅಂತ ಯಾರು ಹೇಳಿದ್ದು?"

ಮೇಷ್ಟ್ರ ಮುಖ ಹುಳ್ಳಗಾಯಿತು. ಹೇಳಿದ್ದು ಅವರದೇ ಲೆಕ್ಕ!

ಜಾಲರಿ ಬಿಚ್ಚಿ ತೊಳೆಯುವುದಕ್ಕೆ ಎರಡು ದಿನ ಹಿಡಿಯಿತು. ಕೆಲಸ ಮುಗಿದಾಗ, ಮುಂದೆ ಗಾಡಿಯನ್ನು ಹೇಗೆ ಓಡಿಸಬೇಕೆಂದು ತಿಳಿಸಲು ಮೆಕ್ಯಾನಿಕ್ ಮನೆಗೆ ಫೋನ್ ಮಾಡಿದ. ಮೇಷ್ಟ್ರು ಸ್ನಾನಕ್ಕೆ ಹೋಗಿದ್ದರು. ಹೆಂಡತಿ ಎಲ್ಲವನ್ನೂ ಕೇಳಿಕೊಂಡು ಚೀಟಿಯಲ್ಲಿ ಬರೆದಿಟ್ಟಳು.

"ವಾರಕ್ಕೊಂದು ಸಲವಂತೆ," ಎಂದು ಓದಿದಳು. "ಎಂಬತ್ತರ ವೇಗ, ಅರ್ಧ ಗಂಟೆ, ಎಲ್ಲೂ ನಿಲ್ಲಿಸಬಾರದಂತೆ."

"ಎಂಬತ್ತು, ಅರ್ಧ ಗಂಟೆ... ನಲವತ್ತು ಕಿಲೋಮೀಟರ್!" ಮೇಷ್ಟ್ರು ಥಟ್ಟನೆ ಹೇಳಿದರು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು.

"ಎಷ್ಟು ಚೆನ್ನಾಗಿ ಲೆಕ್ಕ ಹಾಕ್ತೀರಿ ರೀ!" ಎಂದಳು ಹೆಂಡತಿ. ಭಾನುವಾರ ಬೆಳಿಗ್ಗೆ, ಮೇಷ್ಟ್ರು ಕೀಲಿ ಹುಡುಕುವ ಮುಂಚೆಯೇ ಚೀಲ ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಳು.

ಕೋಲೂರಿಕೊಂಡು ಗೇಟಿಗೆ ಬಂದ ಅಕ್ಕ, ತಂಗಿಯ ಕೈ ಹಿಡಿದವಳು ಒಳಗೆ ಹೋಗುವವರೆಗೂ ಬಿಡಲಿಲ್ಲ. ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು, ಒಟ್ಟಿಗೇ ಅಳುತ್ತಿದ್ದರು. ಮೇಷ್ಟ್ರಿಗೆ ನಿಜವಾಗಿಯೂ ನಾಚಿಕೆಯಾಯಿತು. ಆದರೂ ಮೀಟರು ನೋಡಿ ಬರೆದುಕೊಂಡ ಮೇಲೆಯೇ ಕೆಳಗಿಳಿದರು.

ಹೀಗೆ ಎಂಟು ಭಾನುವಾರ ಕಳೆದವು. ಆಯಿಲ್ ಬದಲಿಸಲು ಹೋದಾಗ ಮೆಕ್ಯಾನಿಕ್ ಮೀಟರು ನೋಡಿ ಹುಬ್ಬೇರಿಸಿದ.

"ಏನ್ ಸಾರ್, ಗಾಡಿ ಬಾಡಿಗೆಗೆ ಬಿಟ್ರಾ?"

"ವಾರಾ ವಾರಾ ಓಡಿಸಿ ಅಂದಿದ್ದು ನೀನೇ ಅಲ್ವೇನಯ್ಯಾ!"

"ನಾನಾ? ತಿಂಗಳಿಗೊಂದು ಸಲ ಅಂದೆ ಸಾರ್. ಅಮ್ಮಾವ್ರು ಎರಡೆರಡು ಸಲ ಕೇಳಿ ಬರ್ಕೊಂಡ್ರಲ್ಲ!"

ಮೇಷ್ಟ್ರು ಬಾಗಿಲು ದೂಡಿಕೊಂಡು ಮನೆಗೆ ನುಗ್ಗಿದರು. ಹೆಂಡತಿ ನಾಳೆಯ ಚೀಲ ತುಂಬುತ್ತಿದ್ದಳು.

"ಗಾಡಿಗೆ ತಿಂಗಳಿಗೆ ಒಂದೇ ಸಲ ಸಾಕಂತೆ!"

"ಹೌದು," ಎಂದಳು ಅವಳು ತಲೆ ಎತ್ತದೆ. "ಒಂದು ಭಾನುವಾರ ಗಾಡಿ ಮಸಿಗೆ. ಉಳಿದ ಮೂರು ನನ್ನ ಮಸಿಗೆ. ಹನ್ನೆರಡು ವರ್ಷದ್ದು ಕಟ್ಟಿಕೊಂಡಿದೆ ರೀ, ಎಷ್ಟು ಭಾನುವಾರ ಓಡಿಸಿದ್ರೆ ಹೋಗುತ್ತೆ, ನೀವೇ ಲೆಕ್ಕ ಹಾಕಿ ಹೇಳಿ."

ಜೀವಮಾನದಲ್ಲಿ ಮೊದಲ ಸಲ ಮೇಷ್ಟ್ರು ಲೆಕ್ಕ ಹಾಕಲಿಲ್ಲ. ಕೀಲಿ ತೆಗೆದುಕೊಂಡು, ಟ್ಯಾಂಕ್ ತುಂಬಿಸಿಕೊಂಡು ಬರಲು ಬಂಕಿಗೆ ಹೊರಟರು.

"ಬನ್ನಿ ಸಾರ್!" ಎಂದು ಬಂಕಿನವನು ದೂರದಿಂದಲೇ ಕೈಯೆತ್ತಿದ. ಅವನಿಗೆ ಫೋಟೋ ಬೇಕಾಗಿರಲಿಲ್ಲ.