ಹದಿನೆಂಟು ಕಿಲೋಮೀಟರ್ ಮಾತು

ಎಲ್ಲಕ್ಕೂ ಮೂಲ ಡ್ರಿಲ್ ಟೀಚರಮ್ಮ ಹೇಳಿದ ಒಂದೇ ಒಂದು ಮಾತು. ಅವರು ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ಕೊರಳಿನ ಸೀಟಿ ಇನ್ನೂ ನಿವೃತ್ತವಾಗಿರಲಿಲ್ಲ. ಇಪ್ಪತ್ತೊಂದು ಕಿಲೋಮೀಟರ್ ಓಟಕ್ಕೆ ಬಡಾವಣೆಯ ತಂಡ ಕಟ್ಟುತ್ತಿದ್ದರು. ಐದು ಜಾಗ ತುಂಬಿತ್ತು. ಆರನೆಯದರ ಮೇಲೆ ಕ್ಷೌರಿಕ ಕಣ್ಣಿಟ್ಟಿದ್ದ. ಆದರೆ ಅವನು ಕಳೆದ ಮೂರು ಭಾನುವಾರವೂ ಬೆನ್ನಿಗೆ ಬೆಂಕಿ ಹತ್ತಿದವನಂತೆ ನುಗ್ಗಿ, ಹತ್ತನೇ ಕಿಲೋಮೀಟರಿಗೆ ಕುಸಿದು, ಹಾಲಿನ ವ್ಯಾನಿನಲ್ಲಿ ಕ್ಯಾನುಗಳ ಮಧ್ಯೆ ಇನ್ನೊಂದು ಕ್ಯಾನಿನಂತೆ ವಾಪಸು ಬಂದಿದ್ದ.

"ವಾರದ ಉದ್ದದ ಓಟ ಅಂದ್ರೆ ರೇಸ್ ಅಲ್ಲಪ್ಪ," ಎಂದರು ಟೀಚರ್. "ಕಾಲಿಗೆ ತಾಳ್ಮೆ ಕಲಿಸೋದು. ಓಡ್ತಾ ಓಡ್ತಾ ಪೂರ್ತಿ ವಾಕ್ಯ ಮಾತಾಡೋಕಾಗ್ಬೇಕು. ಆಗಲಿಲ್ಲ ಅಂದ್ರೆ ವೇಗ ಜಾಸ್ತಿ ಆಯ್ತು ಅಂತ. ಈ ಸಲ ಹದಿನೆಂಟು. ಮಾತಾಡ್ತಾನೇ ಬಂದು ಮೈದಾನ ಮುಟ್ಟಿದ್ರೆ ಜಾಗ ನಿನ್ನದು."

"ಮಾತಾಡೋದಾ?" ಕ್ಷೌರಿಕನ ಮುಖ ಅರಳಿತು. ಇಪ್ಪತ್ತೆರಡು ವರ್ಷ ಕತ್ತರಿಗಿಂತ ನಾಲಿಗೆಯನ್ನೇ ಹೆಚ್ಚು ಆಡಿಸಿದವನು ಅವನು.

ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಟ. ಪಕ್ಕದಲ್ಲಿ ಸೈಕಲ್ ತುಳಿಯುತ್ತಾ ಭಾವಮೈದ, ಬುಟ್ಟಿಯಲ್ಲಿ ನೀರಿನ ಬಾಟಲಿ.

"ಭಾವ, ಮಾತು ನಿಲ್ಲಿಸಬೇಡಿ."

ನಿಲ್ಲಿಸುವುದೆಲ್ಲಿಂದ ಬಂತು? ಮೊದಲ ಏಳು ಕಿಲೋಮೀಟರ್ ಹವಾಮಾನದ ಮಾತಿನಲ್ಲೇ ಕಳೆಯಿತು. ಕಾಲು ಹಗುರ, ಉಸಿರು ಸರಾಗ. ನಿಧಾನಕ್ಕೆ ಓಡುವುದು ಇಷ್ಟು ಸುಖವೆಂದು ಗೊತ್ತಿದ್ದರೆ ಮೂರು ವಾರ ಹಾಲಿನ ವಾಸನೆ ಕುಡಿಯುತ್ತಿದ್ದನೇ? ಎಂಟನೆಯದಕ್ಕೆ ಹವಾಮಾನ ಖಾಲಿಯಾಯಿತು. ಆಮೇಲೆ ಅವನ ಬಳಿ ಉಳಿದಿದ್ದು ಗಿರಾಕಿಗಳ ಗುಟ್ಟು ಮಾತ್ರ.

"ಲಾಂಡ್ರಿಯವನ ಮೀಸೆ ಇದೆಯಲ್ಲ, ಆ ಕಪ್ಪು ಬಣ್ಣ ಬೂಟ್ ಪಾಲಿಶಿಂದು ಕಣೋ!"

ಓಡುವವನಿಗೆ ತನ್ನ ದನಿ ಎಷ್ಟು ದೂರ ಹೋಗುತ್ತದೆಂದು ತಿಳಿಯುವುದಿಲ್ಲ. ಲಾಂಡ್ರಿಯ ಮಹಡಿಯಿಂದ ಒಂದು ಬಕೆಟ್ ಸೋಪಿನ ನೀರು ಇಳಿದು ಬಂತು.

"ಸದ್ಯ, ಮೈ ತಣ್ಣಗಾಯ್ತು," ಎಂದ ಕ್ಷೌರಿಕ, ಚಪ್‌ ಚಪ್‌ ಎನ್ನುವ ಬೂಟಿನಲ್ಲೇ ಮುಂದುವರಿಯುತ್ತಾ. ಮೂಗಿನ ತುದಿಯಲ್ಲಿ ನೊರೆ. ವಾಕ್ಯ ಮಾತ್ರ ಪೂರ್ತಿ.

ಹನ್ನೆರಡನೇ ಕಿಲೋಮೀಟರ್. ಭಾವಮೈದ ಕೇಳಿದ, "ಅಲ್ಲ ಭಾವ, ನೀರಿನ ಮೀಟರ್ ಓದೋಕೆ ಬರ್ತಾರಲ್ಲ, ಐವತ್ತಾರು ವರ್ಷ. ಅವರ ತಲೆಗೂದಲು ಅಷ್ಟು ದಟ್ಟ ಹೇಗೆ?"

"ಅಯ್ಯೋ ಪೆದ್ದ, ಅದು ವಿಗ್ಗು! ತಿಂಗಳಿಗೊಂದು ಸಲ ಹಿಂಬಾಗಿಲಲ್ಲಿ ತಂದು ಕೊಡ್ತಾರೆ. ನಾನೇ ಶಾಂಪೂ ಹಾಕಿ ಒಣಗಿಸಿ ಬಾಚಿ—"

ರಸ್ತೆ ಪಕ್ಕದ ಬೆಂಚಿನಲ್ಲಿ ಹರಡಿದ್ದ ಪತ್ರಿಕೆ ಮೆಲ್ಲಗೆ ಕೆಳಗಿಳಿಯಿತು. ಅದರ ಹಿಂದಿನಿಂದ ಮೊದಲು ದಟ್ಟ ಕೂದಲು ಕಂಡಿತು, ಆಮೇಲೆ ಕೆಂಡದಂಥ ಎರಡು ಕಣ್ಣು.

"ಲೋ!"

ಕ್ಷೌರಿಕ ತಾಳ್ಮೆಯ ಪಾಠವನ್ನು ಅಲ್ಲೇ ಬಿಟ್ಟು ಕಿತ್ತುಕೊಂಡು ಓಡಿದ. ಗಾಬರಿಗೊಂಡ ಭಾವಮೈದ ಹ್ಯಾಂಡಲ್ ತಿರುಗಿಸಿ, ನೀರಿನ ಸಮೇತ ಗಲ್ಲಿಯೊಂದರಲ್ಲಿ ಮಾಯವಾದ. ಹಿಂದೆ ಚರ್ಮದ ಬೂಟಿನ ಸದ್ದು ಟಕಟಕ ಎಂದು ಬಿಡದೆ ಬಂತು.

"ಹದಿನಾಲ್ಕು ವರ್ಷ ನಿನ್ನ ನಂಬಿ ತಲೆ ಕೊಟ್ಟೆನಲ್ಲೋ! ನನ್ನ ಹೆಂಡತಿಗೂ ಹೇಳದ ಗುಟ್ಟನ್ನ ಬೀದಿಗೆ ಹರಾಜು ಹಾಕ್ತೀಯಾ? ನಿನ್ನ ನಾಲಿಗೆ ಮೇಲೆ ನಿನ್ನದೇ ಕತ್ತರಿ ಆಡಿಸ್ತೀನಿ, ನಿಲ್ಲೋ!"

ಕ್ಷಮಿಸಿ ಎನ್ನಲು ಕ್ಷೌರಿಕ ಬಾಯಿ ತೆರೆದ. "ಕ್ಷ..." ಎಂಬಷ್ಟೇ ಹೊರಬಂತು. ಹದಿನಾಲ್ಕನೆಯದಕ್ಕೆ ತೊಡೆ ಕಲ್ಲಾಯಿತು. ಹದಿನಾರಕ್ಕೆ ಎದೆ ತಿದಿಯಂತೆ ಬುಸುಗುಟ್ಟಿತು. ಬೆನ್ನ ಹಿಂದಿನ ಬೈಗುಳ ಮಾತ್ರ ಅಲ್ಪವಿರಾಮ, ಪೂರ್ಣವಿರಾಮಗಳ ಸಮೇತ ನಿರರ್ಗಳವಾಗಿ ಹರಿದು ಬರುತ್ತಿತ್ತು.

ಕೊನೆಗೆ ಮೈದಾನ. ಕ್ಷೌರಿಕ ಗೇಟು ಹಿಡಿದು ಒಗೆದ ಬಟ್ಟೆಯಂತೆ ಜೋತುಬಿದ್ದ.

"ಮಾತಾಡು," ಎಂದರು ಟೀಚರ್.

"ಹ್... ಹ್..."

ಅಷ್ಟರಲ್ಲಿ ಮೀಟರಿನವರೂ ಒಳನುಗ್ಗಿದರು. ವಿಗ್ಗು ಗಾಳಿಗೆ ಹಾರಿ ಎಲ್ಲೋ ಹೋಗಿತ್ತು. ಬೋಳುತಲೆ ಬಿಸಿಲಿಗೆ ಥಳಥಳಿಸುತ್ತಿತ್ತು. "ಅಮ್ಮಾ, ಈ ಬಾಯಿಬಡುಕನನ್ನ ಹಿಡ್ಕೊಳ್ಳಿ! ಆ ಬೆಂಚಿನಿಂದ ಇಲ್ಲೀವರೆಗೆ ಆರು ಕಿಲೋಮೀಟರ್ ಓಡಿಸಿದ್ದಾನೆ. ಇವನಿಗೆ ಎರಡು ಬಾರಿಸದೆ ಮನೆಗೆ ಹೋಗಲ್ಲ!"

ಟೀಚರ್ ಮೀಟರಿನವರನ್ನು ಮೇಲಿಂದ ಕೆಳಗೆ ನೋಡಿದರು. "ಚರ್ಮದ ಬೂಟಲ್ಲಿ ಆರು ಕಿಲೋಮೀಟರಾ? ಇಷ್ಟು ದೊಡ್ಡ ವಾಕ್ಯ ಒಂದೇ ಉಸಿರಿಗಾ? ಏನ್ ಕೆಲಸ ನಿಮ್ಮದು?"

"ಮೂವತ್ತು ವರ್ಷದಿಂದ ಮನೆಮನೆಗೆ ನಡೀತಿದ್ದೀನಿ. ಮೀಟರ್ ಓದ್ತೀನಿ."

ಟೀಚರ್ ಸೀಟಿ ಊದಿದರು. "ಆರನೇ ಜಾಗ ನಿಮ್ಮದು!"

ಮೀಟರಿನವರ ಸಿಟ್ಟು ಇಳಿದು ಮುಖದಲ್ಲಿ ನಾಚಿಕೆ ಮೂಡಿತು. ಬೋಳುತಲೆಯನ್ನು ಮೊದಲ ಸಲ ಎಲ್ಲರೆದುರು ಸವರಿಕೊಂಡರು.

"ಹಾಗಾದ್ರೆ... ನಾನು?" ಕ್ಷೌರಿಕನಿಗೆ ಅಂತೂ ಉಸಿರು ಬಂತು.

"ನೀನು ಇವರ ಜೊತೆಗಾರ. ಮುಂದಿನ ಭಾನುವಾರ ಇಪ್ಪತ್ತು ಕಿಲೋಮೀಟರ್. ಎರಡೂವರೆ ಗಂಟೆ, ಪಕ್ಕಪಕ್ಕದಲ್ಲೇ ಓಡಿ," ಎಂದರು ಟೀಚರ್. "ಮಾತಾಡ್ತಾ."

ಮೀಟರಿನವರು ಅಂಗಿಯ ತೋಳು ಮಡಿಸುತ್ತಾ ಮುಗುಳ್ನಕ್ಕರು. "ಖಂಡಿತ ಅಮ್ಮಾ. ಹೇಳೋದು ಇನ್ನೂ ಬೇಕಾದಷ್ಟಿದೆ."