ಸುಣ್ಣ, ತುಪ್ಪ ಮತ್ತು ನನ್ನ ಸಂಶೋಧನೆ

ರಸಾಯನಶಾಸ್ತ್ರದವನ ಫಜೀತಿಗಳಲ್ಲಿ ಅರ್ಧ ಪ್ರಯೋಗಶಾಲೆಯಲ್ಲೇ ಮುಗಿಯುತ್ತವೆ. ಉಳಿದರ್ಧ ಅಂಗಿಗೆ ಅಂಟಿಕೊಂಡು ಊರಿಗೆ ಬರುತ್ತವೆ. ಎಪ್ಪತ್ತರ ದಶಕದಲ್ಲಿ ನಾನು ಗುಲಬರ್ಗಾದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಮನೆ ಸೇಡಂ. ರಜೆ ಬಂದರೆ ಪ್ಯಾಸೆಂಜರ್ ಗಾಡಿ ಹತ್ತುತ್ತಿದ್ದೆ.

ತುಪ್ಪದ ಡಬ್ಬಿ

ಒಮ್ಮೆ ಊರಿಗೆ ಹೊರಡುವ ಹೊತ್ತಿಗೆ ಬ್ಯುಟಿರಿಕ್ ಆಮ್ಲ ನನ್ನ ತೋಳಿಗೆ ಸಿಡಿಯಿತು. ಅದರ ವಾಸನೆ ಥೇಟ್ ಕೆಟ್ಟ ಬೆಣ್ಣೆಯದು. ನನ್ನ ಮೂಗಿಗೆ ರೂಢಿಯಾಗಿತ್ತು. ಕೈ ತೊಳೆದು ಗಾಡಿ ಹತ್ತಿದೆ. ಬೋಗಿಯ ಜನ ಮೂಗು ಮುಚ್ಚಿಕೊಂಡು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಶಹಾಬಾದಿನಲ್ಲಿ ಭಂಕೂರದ ಮುದುಕಿಯೊಬ್ಬಳು ತುಪ್ಪದ ಡಬ್ಬಿ ಹಿಡಿದು ಹತ್ತಿದಳು. ಮಗಳ ಬಾಣಂತನಕ್ಕೆ ಒಯ್ಯುತ್ತಿದ್ದಳು. ಎಲ್ಲರ ಕಣ್ಣೂ ಆ ಡಬ್ಬಿಯ ಮೇಲೆ.

"ಯವ್ವಾ, ನಿನ್ನ ತುಪ್ಪ ಕೆಟ್ಟದ. ಕಿಟಕ್ಯಾಗಿಂದ ಚೆಲ್ಲು," ಅಂದ ಎದುರಿನವ.

"ಯಾವನ್ಲೇ ಅಂವ? ನಿನ್ನಿ ಕಾಸಿದ ತುಪ್ಪ ಇದು!"

ಮುದುಕಿ ಮುಚ್ಚಳ ತೆಗೆದು ಎಲ್ಲರ ಅಂಗೈಗೂ ಒಂದಿಷ್ಟು ಹಚ್ಚಿದಳು. ಎಲ್ಲರೂ ನೆಕ್ಕಿದರು. ನಾನೂ ನೆಕ್ಕಿದೆ. ತುಪ್ಪ ಘಮ್ ಅನ್ನುತ್ತಿತ್ತು, ಆದರೆ ನಾತ ಹೋಗಲಿಲ್ಲ. ವಾಡಿಯಲ್ಲಿ ಗಾಡಿ ನಿಂತಾಗ ಆಕೆ ಎದ್ದು ಒಬ್ಬೊಬ್ಬರನ್ನೇ ಮೂಸುತ್ತಾ ಬಂದಳು. ನನ್ನ ತೋಳಿನ ಹತ್ತಿರ ನಿಂತಳು.

"ತಮ್ಮಾ, ನೀ ಏನ್ ಮಾಡ್ತಿ?"

"ಸಂಶೋಧನಾ ಮಾಡಾಕತ್ತೀನ್ರಿ, ಆಯಿ."

"ಮೊದಲ ಜಳಕ ಮಾಡು. ಸಂಶೋಧನಾ ಎಲ್ಲಿ ಓಡಿ ಹೋಗ್ತದ?"

ಅವ್ವ ಕಂಡ ಕ್ಯಾಟಲಿಸ್ಟ್

ಮಗ ಏನು ಓದುತ್ತಾನೆ ಎಂದು ಓಣಿಯ ಹೆಂಗಸರೆಲ್ಲ ಕೇಳುತ್ತಾರೆಂದು ಒಂದು ರಜೆಯಲ್ಲಿ ಅವ್ವ ನನ್ನನ್ನು ಹಿಡಿದು ಕೂರಿಸಿದಳು. "ನೀ ಯಾವಾಗಲೂ ಅಂತಿಯಲ್ಲ, ಆ ಕ್ಯಾಟಲಿಸ್ಟ್ ಅಂದರ ಏನಪಾ?"

"ಅದನ್ನ ಹಾಕಿದರ ಕೆಲಸ ಜಲ್ದಿ ಆಗ್ತದ ಅವ್ವಾ. ಎಲ್ಲಾ ಬದಲಾಗ್ತದ, ಅದು ಮಾತ್ರ ಇದ್ದಂಗ ಇರ್ತದ."

ಅವ್ವ ಹೊರಗೆ ಕುರ್ಚಿಯಲ್ಲಿ ಕೂತಿದ್ದ ಅಪ್ಪನ ಕಡೆ ನೋಡಿದಳು. "ಹಂಗಂದರ ನಿಮ್ಮಪ್ಪ."

ಅಪ್ಪ ಹಿಗ್ಗಿದರು. "ಕೇಳಿದೇನಲೇ? ನಾ ಇದ್ದರ ಮನಿ ಕೆಲಸ ಜಲ್ದಿ ಆಗ್ತದಂತ!"

"ಹೌದ್ರಿ. ನೀವು ಎಲ್ಲಿ ಅಡಗಿಮನಿಗೆ ಬಂದು ಕೈ ಹಾಕ್ತೀರೋ ಅಂತ ಅಂಜಿ ಜಲ್ದಿ ಜಲ್ದಿ ಮುಗಸ್ತೀನಿ."

ಹೆಣ್ಣಿನ ತಂದೆ

ರಾವೂರದ ಗಣಿಯ ಕಲ್ಲು ತಂದು, ಸುಟ್ಟು, ನೀರು ಹಾಕಿ ಅರಳಿಸಿ, ಸೋಸಿ, ಒಣಗಿಸಿ ನಾನೊಂದು ಸುಣ್ಣ ಮಾಡಿದ್ದೆ. ಸಣ್ಣ ಅಣುಗಳನ್ನು ಜೋಡಿಸಿ ದೊಡ್ಡ ಅಣು ಕಟ್ಟಲು ಅದೇ ನನ್ನ ಕ್ಯಾಟಲಿಸ್ಟ್. ಪ್ರಯೋಗಶಾಲೆಯ ಮೇಜಿನ ಮೇಲೆ ಪುಟ್ಟ ತಗಡಿನ ಡಬ್ಬಿಯಲ್ಲಿ ಚಿನ್ನದ ಹಾಗೆ ಕಾಪಾಡಿದ್ದೆ.

ಅದನ್ನು ಪ್ರಯೋಗಕ್ಕೆ ಹಾಕಬೇಕಿದ್ದ ದಿನವೇ, ನನಗೆ ನೋಡಿದ್ದ ಹೆಣ್ಣಿನ ತಂದೆ ಹುಡುಗನ ಕೆಲಸ ನೋಡಲು ಚಿಂಚೋಳಿಯಿಂದ ಪ್ರಯೋಗಶಾಲೆಗೇ ಬಂದರು. ಕೂತವರು ಸಂಚಿ ಬಿಚ್ಚಿ ಎಲೆ ತೆಗೆದರು, ಅಡಿಕೆ ತೆಗೆದರು, ಕಾಚು ತೆಗೆದರು. ಸುಣ್ಣ ಇಡುವ ಕಾಯಿ ಮರೆತು ಬಂದಿದ್ದರು. ಅತ್ತಿತ್ತ ನೋಡಿದರು. ನನ್ನ ಡಬ್ಬಿ ಕಂಡಿತು.

ಬೇಡ ಅಂದರೆ ಸಂಬಂಧ ಕೆಡುತ್ತದೆ, ಸುಮ್ಮನಿದ್ದರೆ ಪ್ರಯೋಗ ಕೆಡುತ್ತದೆ. ನನ್ನ ಬಾಯಿ ತೆರೆಯುವುದರೊಳಗೆ ಅವರ ಬಾಯಿ ತುಂಬಿತ್ತು. ಅಷ್ಟಕ್ಕೆ ಬಿಡದೆ ಇನ್ನೊಂದು ಎಲೆಗೂ ಸುರಿದು, ಮಡಚಿ ಜೇಬಿಗಿಟ್ಟರು. ಡಬ್ಬಿ ಖಾಲಿ.

ಅಷ್ಟರಲ್ಲಿ ಮೈಸೂರು ಕಡೆಯ ನಮ್ಮ ಗೈಡ್ ಒಳಗೆ ಬಂದರು. "ಕ್ಯಾಟಲಿಸ್ಟ್ ಎಲ್ಲಯ್ಯಾ?"

ಹಿರಿಯರು ಕಿಟಕಿಯತ್ತ ಎದ್ದುಹೋಗಿ ಪಿಚಕ್ ಎಂದು ಉಗುಳಿದರು. ಗುರಿ ತಪ್ಪಿ ಗೋಡೆಗೆ ಬಿತ್ತು.

"ಕೆಲಸ ಮುಗೀತು ಸರ್," ಅಂದೆ. "ವಾಪಸ್ಸೂ ಸಿಕ್ಕಿದೆ. ಗೋಡೆ ಮೇಲಿದೆ."

ಗೈಡ್ ಗೋಡೆ ನೋಡಿದರು, ಹಿರಿಯರ ಬಾಯಿ ನೋಡಿದರು. ಹಿರಿಯರು ಖುಷಿಯಿಂದ ನಾಲಿಗೆ ಚಾಚಿ ತೋರಿಸಿದರು. "ಸುಣ್ಣ ಭಾಳ ಚಲೋ ಅದ ನೋಡ್ರಿ! ಹಾಕ್ಕೊಂಡ ಕೂಡಲೇ ಕೆಂಪಗಾಯ್ತು!"

ಗೈಡ್ ಕನ್ನಡಕ ಏರಿಸಿ ಆ ನಾಲಿಗೆಯನ್ನೇ ಪರೀಕ್ಷಿಸಿದರು. "ಒಳ್ಳೇ ವೇಗ ಕಣಯ್ಯಾ," ಅಂದರು ಗಂಭೀರವಾಗಿ. "ಇದೇ ಸುಣ್ಣ ಇನ್ನೊಂದಷ್ಟು ಮಾಡು."

ಸಂಬಂಧ ಅಲ್ಲೇ ಪಕ್ಕಾ ಆಯಿತು. ಮದುವೆಯಾಯಿತು, ಮುಂದೆ ಪಿಎಚ್‌ಡಿಯೂ ಬಂತು. ಡಾಕ್ಟರಾದ ಹುಮ್ಮಸ್ಸಿನಲ್ಲಿ ಚಿಂಚೋಳಿಗೆ ಹೋದರೆ ಬಸ್‌ಸ್ಟ್ಯಾಂಡಿನಲ್ಲಿ ಮಾವನವರು ಗೆಳೆಯರಿಗೆಲ್ಲ ನನ್ನ ಪರಿಚಯ ಮಾಡಿಸಿದರು:

"ಇಂವ ನಮ್ಮ ಅಳಿಯ. ಗುಲಬರ್ಗಾದಾಗ ಸುಣ್ಣದ ಧಂದೆ. ವ್ಯಾಳ್ಯಾ ಸಿಕ್ಕಾಗ ಓದಾನೂ ಓದ್ತಾನ."